ಹೀಚು ಉದುರ್ತಿದ್ಯಾ? ಗೊಬ್ಬರಕ್ಕೆ ಮೊದಲು ಹೂ ನೋಡಿ

ಹೋದ ವಾರ ಸೂಲಿಬೆಲೆ ಕಡೆಯ ಹುಡುಗನೊಬ್ಬ ವಾಟ್ಸಾಪಲ್ಲಿ ಫೋಟೊ ಕಳಿಸಿದ್ದ. ಸಿಹಿಗುಂಬಳದ ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಇದೆ, ಆದರೆ ನಿಂಬೆ ಗಾತ್ರದ ಹೀಚೆಲ್ಲ ಹಳದಿಯಾಗಿ ಉದುರ್ತಿದೆ. "ಅಣ್ಣ, ಬೋರಾನ್ ಹೊಡೀಲಾ?" ಅಂತ ಕೇಳಿದ್ದ. ನಾಲ್ಕು ವರ್ಷದ ಹಿಂದೆ ಹೊಸಕೋಟೆ ಹತ್ತಿರದ ನನ್ನ ಅರ್ಧ ಎಕರೆಯಲ್ಲೂ ಹೀಗೇ ಆಗಿತ್ತು. ತೋಟಗಾರಿಕೆ ಪದವಿ ಓದಿದ್ದ ನಾನೂ ಮೊದಲು ಓಡಿದ್ದು ಅಂಗಡಿಗೇ.

ಹೆಣ್ಣು ಹೂವಿನ ಕೆಳಗೆ ಕಾಣೋ ಪುಟ್ಟ ಉಂಡೆ ಇನ್ನೂ ಕಾಯಿ ಅಲ್ಲ, ಅದು ಅಂಡಾಶಯ. ಒಳಗೆ ನೂರಾರು ಅಂಡಕಗಳು ಕಾಯ್ತಿರುತ್ತವೆ. ಗಂಡು ಹೂವಿನ ಪರಾಗ ಹೆಣ್ಣು ಹೂವಿನ ಶಲಾಕಾಗ್ರದ ಮೇಲೆ ಬಿದ್ದರೆ, ಬೀಜ ಮೊಳೆತ ಹಾಗೆ ಆ ಕಣವೂ ಮೊಳೆಯುತ್ತೆ. ಅದರಿಂದ ಹೊರಟ ಸಣ್ಣ ನಾಳ ಅಂಡಕದ ತನಕ ಇಳಿಯುತ್ತೆ. ಅದರಲ್ಲಿ ಎರಡು ಗಂಡು ಕೋಶ ಇರುತ್ತವೆ. ಒಂದು ಅಂಡದ ಜೊತೆ ಸೇರಿ ಭ್ರೂಣ ಆಗುತ್ತೆ, ಇನ್ನೊಂದು ಆ ಭ್ರೂಣಕ್ಕೆ ಬುತ್ತಿ ಕಟ್ಟುತ್ತೆ. ಒಂದು ಬೀಜಕ್ಕೆ ಒಂದು ಪರಾಗದ ಕಣ ಬೇಕೇ ಬೇಕು.

ಬೆಳೆಯೋ ಬೀಜದಿಂದ ಆಕ್ಸಿನ್, ಜಿಬ್ಬರೆಲಿನ್‌ನಂಥ ಹಾರ್ಮೋನು ಬರುತ್ತೆ. ಆಗ ಬಳ್ಳಿ ಆ ಕಾಯಿಗೆ ಊಟ ಕಳಿಸುತ್ತೆ. ಬೀಜ ಕಟ್ಟದಿದ್ದರೆ ನಾಲ್ಕೈದು ದಿನಕ್ಕೆ ಉದುರಿಸಿಬಿಡುತ್ತೆ. ಸೊಟ್ಟಗಾದ ಸೌತೆಕಾಯಿ ಸೀಳಿ ನೋಡಿ, ಎಷ್ಟೋ ಸಲ ಸಣಕಲಾಗಿರೋ ಕಡೆ ಬೀಜ ಕಟ್ಟಿರಲ್ಲ. (ಬಾಳೆಹಣ್ಣು, ಪಾಲಿಹೌಸ್‌ನ ಬೀಜವಿಲ್ಲದ ಸೌತೆ ತಳಿಗಳಿಗೆ ಈ ಮಾತು ಅನ್ವಯಿಸಲ್ಲ. ಅವಕ್ಕೆ ಪರಾಗವೇ ಬೇಡ.)

ಕುಂಬಳದ ಪರಾಗ ದಪ್ಪ, ಅಂಟು, ಗಾಳಿಗೆ ಹಾರಲ್ಲ. ಜೇನೇ ತರಬೇಕು, ಅದೂ ಒಂದೆರಡು ಸಲ ಬಂದು ಹೋದರೆ ಸಾಲದು. ಹೂ ಅರಳೋದು ನಸುಕಿಗೆ, ಹತ್ತು ಗಂಟೆ ಹೊತ್ತಿಗೆ ಮುದುಡಿಬಿಡುತ್ತೆ. ನಮ್ಮ ತಾಲ್ಲೂಕಲ್ಲಿ ಜೇನಿಗೇನು ಬರ? ನಂದಗುಡಿ ಹತ್ತಿರ ರಾಮಗೋವಿಂದಪುರದಲ್ಲಿ ಒಂದೇ ಮರಕ್ಕೆ ಹೆಜ್ಜೇನು ಗೂಡುಗಳು ಗೊಂಚಲಾಗಿ ಕಟ್ಟೋದನ್ನ ನೋಡಿದವರಿಗೆ ಗೊತ್ತು. ಆದರೆ ಹೆಜ್ಜೇನು ವಲಸೆ ಹೋಗೋ ಜಾತಿ, ವರ್ಷವಿಡೀ ಅದನ್ನೇ ನಂಬೋಕಾಗಲ್ಲ. ತುಡುವೆ, ಕೋಲುಜೇನು, ನಸರಿ ತೋಟದ ಬದಿಯಲ್ಲೇ ಇರಬೇಕು.

ನನ್ನ ತೋಟದಲ್ಲಿ ಜೇನು ಓಡಿಸಿದ್ದು ನಾನೇ. ಐದು ದಿನಕ್ಕೊಮ್ಮೆ ಬೆಳಗ್ಗೆ ಏಳಕ್ಕೆ ಬೇವಿನ ಎಣ್ಣೆ, ಸೋಪಿನ ನೀರು ಹೊಡೀತಿದ್ದೆ. ಸಾವಯವ ತಾನೇ, ಜೇನಿಗೇನಾಗುತ್ತೆ ಅನ್ನೋ ಧೈರ್ಯ! ಅರಳಿದ ಹೂವಿನ ಮೇಲೆ ಹಸಿಯಾಗಿ ಬಿದ್ದ ಸೋಪಿನ ನೀರು ಜೇನಿಗೆ ಒಳ್ಳೇದಲ್ಲ, ವಾಸನೆಗೆ ಹತ್ತಿರಾನೂ ಬರಲ್ಲ. ಇಡೀ ಬೆಳೆಯಲ್ಲಿ ಅರ್ಧ ಕೈಬಿಟ್ಟ ಮೇಲೆ ತಿಳೀತು.

ನೀವು ಅಷ್ಟು ಕಾಯಬೇಡಿ, ಒಂದು ಪರೀಕ್ಷೆ ಮಾಡಿ. ಬೆಳಗ್ಗೆ ಆರರಿಂದ ಎಂಟರೊಳಗೆ ಆಗತಾನೆ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಕಡ್ಡಿಯನ್ನ ಹೆಣ್ಣು ಹೂವಿನ ಶಲಾಕಾಗ್ರದ ಎಲ್ಲ ಹೋಳಿಗೂ ನಯವಾಗಿ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು. ಹೀಗೆ ಹತ್ತು ಹೂವಿಗೆ ಮಾಡಿ, ತೊಟ್ಟಿಗೆ ಕೆಂಪು ದಾರ ಕಟ್ಟಿ, ಪಕ್ಕದ ಹತ್ತು ಹಾಗೇ ಬಿಡಿ. ವಾರದ ನಂತರ ದಾರ ಕಟ್ಟಿದ್ದು ಮಾತ್ರ ನಿಂತಿದ್ದರೆ ಕೊರತೆ ಜೇನಿನದು. ಎರಡೂ ಉದುರಿದರೆ ಆಗ ನೀರು, ಬಿಸಿಲು, ಗೊಬ್ಬರದ ಲೆಕ್ಕ ನೋಡಿ. ನನ್ನಲ್ಲಿ ದಾರ ಕಟ್ಟಿದ ಹತ್ತರಲ್ಲಿ ಎಂಟು ನಿಂತವು, ಕಟ್ಟದ ಹತ್ತರಲ್ಲಿ ಎರಡು. ಶುರುವಿನಲ್ಲಿ ಬರೋದು ಬರೀ ಗಂಡು ಹೂವೇ, ಅವು ಉದುರಿದರೆ ಗಾಬರಿ ಬೇಡ.

ಈಗ ಕುಂಬಳಕ್ಕೆ ಸಂಜೆ ಐದರ ಮೇಲೇ ಸಿಂಪಡಿಸ್ತೀನಿ, ಪಕ್ಕದ ಹೊಲದವರಿಗೂ ಕೈಮುಗಿದು ಹೇಳಿದ್ದೀನಿ. ಆದರೆ ಹೀರೆಕಾಯಿಗೆ ಇದೇ ಲೆಕ್ಕ ಹಾಕಬೇಡಿ, ಅದರ ಹೂ ಅರಳೋದೇ ಸಂಜೆ. ಅದಕ್ಕೆ ನಾನು ಮಧ್ಯಾಹ್ನ ಮೂರೂವರೆ ಹೊತ್ತಿಗೆ, ಬಿಸಿಲು ಸ್ವಲ್ಪ ತಗ್ಗಿದಾಗ ಮುಗಿಸ್ತೀನಿ. ಹೂ ಬಿಚ್ಚೋದರೊಳಗೆ ಒಣಗಿರಬೇಕು.

ಸೂಲಿಬೆಲೆ ಹುಡುಗ ನಾಳೆಯಿಂದ ದಾರ ಕಟ್ತೀನಿ ಅಂದಿದ್ದಾನೆ. ಅವನ ಎಣಿಕೆ ಬಂದ ಮೇಲೆ ಇಲ್ಲೇ ಹಾಕ್ತೀನಿ.