ಗೆರೆ ಎಳೆಯುವ ಮೊದಲು

ಪ್ರೀತಿಯ ಮಗೂ,

ಒಳ್ಳೆಯ ಡಿಸೈನರ್ ಆಗಲು ಇನ್ನೂ ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ಕೇಳಿದ್ದೀಯ. ಅದನ್ನು ನೀನು ನನಗಿಂತ ಬೇಗ ಕಲಿಯುತ್ತೀಯ. ನನಗೆ ಹೇಳಬೇಕೆನಿಸಿರುವುದು ಕೇಳಿಸಿಕೊಳ್ಳುವುದರ ಬಗ್ಗೆ, ಕಾರಣ ಬಿಡಿಸಿ ಹೇಳುವುದರ ಬಗ್ಗೆ.

2000ನೇ ಇಸವಿಯ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಪಾಮ್ ಬೀಚ್ ಕೌಂಟಿ ಬಳಸಿದ ಮತಪತ್ರದ ಕಥೆಯನ್ನು ಓದಿಕೋ. ಅಲ್ಲಿನ ಚುನಾವಣಾಧಿಕಾರಿ ಥೆರೆಸಾ ಲೆಪೋರ್ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಹತ್ತು ಜೋಡಿ ಅಭ್ಯರ್ಥಿಗಳ ಹೆಸರು ಅದರಲ್ಲಿ ಹಿಡಿಸಬೇಕಿತ್ತು. ವಯಸ್ಸಾದ ಮತದಾರರು ಹೆಚ್ಚಿದ್ದ ಊರು. ಅಕ್ಷರ ಸಣ್ಣದಾದರೆ ಅವರಿಗೆ ಕಷ್ಟ. ಅದಕ್ಕೇ ಹೆಸರುಗಳನ್ನು ಎದುರುಬದುರು ಪುಟಗಳಿಗೆ ಹಂಚಿ, ಚುಚ್ಚುವ ತೂತುಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟರು. ಎಡಪುಟದ ಎರಡನೆಯ ಹೆಸರು ಅಲ್ ಗೋರ್, ಆದರೆ ಅವರ ತೂತು ಮೂರನೆಯದು. ಎರಡನೆಯದು ಬಲಪುಟದ ಪ್ಯಾಟ್ ಬುಕಾನನ್ ಅವರದು. ಬುಕಾನನ್‌ಗೆ ಅಲ್ಲಿ ಸುಮಾರು 3,400 ಮತ ಬಿದ್ದವು. ಬಹಳಷ್ಟು ತನಗೆಂದು ಹಾಕಿದ್ದಲ್ಲ ಎಂದು ಅವರೇ ಹೇಳಿದರು. ಒಂದಕ್ಕಿಂತ ಹೆಚ್ಚು ತೂತು ಚುಚ್ಚಿ ಅಸಿಂಧುವಾದ ಮತಪತ್ರಗಳು 19,000ಕ್ಕೂ ಮೇಲೆ. ಇಡೀ ಫ್ಲಾರಿಡಾ ಗೋರ್ ಅವರ ಮುಖ್ಯ ಎದುರಾಳಿ ಬುಷ್ ಪಾಲಾದದ್ದು 537 ಮತಗಳ ಅಂತರದಲ್ಲಿ.

ಲೆಪೋರ್ ಅವರ ಕಾಳಜಿಯಲ್ಲಿ ನನಗೆ ಕೊರತೆ ಕಾಣುವುದಿಲ್ಲ. ನನ್ನನ್ನು ಕಾಡುವುದು ಅದೇ. ನಾಲ್ಕು ಜನ ಹಿರಿಯರ ಕೈಗೆ ಆ ಹಾಳೆ ಕೊಟ್ಟು, ಗೋರ್ ಅವರಿಗೆ ಮತ ಹಾಕಿ ಎಂದು ಹೇಳಿ, ಪಕ್ಕದಲ್ಲಿ ಬಾಯಿ ಬಿಡದೆ ಕೂತಿದ್ದರೆ ತೊಡಕು ಕಣ್ಣಿಗೆ ಬೀಳುತ್ತಿತ್ತು. ಆದ್ದರಿಂದ ನೀನು ಕೆಲಸ ತೋರಿಸುವಾಗ ‘ಹೇಗಿದೆ?’ ಎಂದು ಕೇಳಬೇಡ. ನಮ್ಮ ಜನ ಸಂಕೋಚಕ್ಕೆ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಔಷಧದ ಚೀಟಿ ಮಾಡಿದ್ದರೆ, ‘ಈ ಚೀಟಿ ನೋಡಿ ಮಾತ್ರೆ ಎಷ್ಟು ಹೊತ್ತಿಗೆ ತಗೋತೀರಿ?’ ಎಂದು ಕೇಳು. ಅವರು ತಡವರಿಸಿದರೆ ವಿವರಿಸಲು ಹೋಗಬೇಡ. ಬೆರಳು ಎಲ್ಲಿ ನಿಂತಿತು ಎಂದು ಗುರುತು ಹಾಕಿಕೋ.

ಗಿರಾಕಿಯ ಮಾತನ್ನೂ ಹೀಗೇ ಕೇಳಿಸಿಕೊಳ್ಳಬೇಕು. ‘ಹೆಸರು ದೊಡ್ಡದು ಮಾಡಿ’ ಎಂದರೆ ಮುಖ ಸಿಂಡರಿಸಬೇಡ. ರಸ್ತೆಯ ಆಚೆಯಿಂದ ಬೋರ್ಡು ಓದಲಾಗುತ್ತಿಲ್ಲ ಎಂಬುದು ಅವರ ನಿಜವಾದ ಚಿಂತೆಯಿರಬಹುದು. ಬಣ್ಣ ಬದಲಿಸಿದರೂ ಅದು ತೀರಬಹುದು. ಕೇಳದೆ ಗೊತ್ತಾಗುವುದಿಲ್ಲ.

ಹಾಗೆಂದು ಎಲ್ಲದಕ್ಕೂ ತಲೆಯಾಡಿಸಲೂಬೇಡ. ಒಂದೇ ಪುಟದಲ್ಲಿ ಹಿಡಿಸಲು ಸಾಲುಗಳ ನಡುವಿನ ಜಾಗ ಕಡಿಮೆ ಮಾಡಿ ಎನ್ನುತ್ತಾರೆ. ಇಂಗ್ಲಿಷಿಗೆ ಸಾಲುವ ಜಾಗ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ನೋಡೋಕೆ ಚೆನ್ನಾಗಿರಲ್ಲ’ ಎಂದರೆ ಅದು ನಿನ್ನ ರುಚಿಯ ಮಾತಾಯಿತು, ಅವರಿಗೂ ಒಂದು ರುಚಿ ಇದೆ. ಎರಡೂ ಥರ ಪ್ರಿಂಟ್ ತೆಗೆದು ಮುಂದಿಟ್ಟು, ಗಟ್ಟಿಯಾಗಿ ಓದಿಸು. ಮಾತು ಬೇಗ ಮುಗಿಯುತ್ತದೆ.

ಪ್ರೆಸ್ಸಿನವರೊಂದಿಗೆ ಮಾತ್ರ ಫೈಲ್ ಕಳಿಸುವ ಮುಂಚೆಯೇ ಮಾತಾಡು. ಸಣ್ಣ ಅಕ್ಷರವನ್ನು ನಾಲ್ಕು ಬಣ್ಣ ಬೆರೆಸಿ ಕಪ್ಪು ಮಾಡಿದ್ದರೆ, ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುತ್ತದೆ. ಅದಕ್ಕೆ ಕಪ್ಪು ಇಂಕು ಒಂದೇ ಸಾಕು ಎಂದು ಅವರು ಮೊದಲೇ ಹೇಳುತ್ತಾರೆ. ಮಷೀನಿನ ಮುಂದೆ ನಿಂತಿರುವ ಅಣ್ಣನನ್ನೇ ಕೇಳು, ಕಾಗದ ಎಷ್ಟು ಇಂಕು ಕುಡಿಯುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ.

ಇಂತಿ ನಿನ್ನ
ದೊಡ್ಡಪ್ಪ