ಗಿಟಾರ್ ಸುಮ್ಮನಾದರೂ ಗುಂಯ್‌ಗುಡುವ ಫ್ಯಾನು

ಆಂಪ್ ಹೆಡ್ಡನ್ನು ಕ್ಯಾಬಿನೆಟ್ಟಿನ ಮೇಲಿಟ್ಟು, ಎದುರಿಗೆ ಮೈಕ್ ನಿಲ್ಲಿಸಿ, ರಾತ್ರಿ ಹನ್ನೊಂದರ ಮೇಲೆ ಒಂದು ಮೆಲುದನಿಯ ತುಣುಕು ರೆಕಾರ್ಡ್ ಮಾಡಿದ್ದೆ. ಬೀದಿಯ ಗಾಡಿಗಳ ಸದ್ದು ಅಡಗಲೆಂದೇ ಅಷ್ಟು ಹೊತ್ತು ಕಾದದ್ದು. ಹೆಡ್‌ಫೋನ್ ಹಾಕಿ ಕೇಳಿದರೆ, ತಂತಿಯ ನಾದ ಆರುವ ಕಡೆಯಲ್ಲೆಲ್ಲ ಒಂದೇ ಸಮನೆ ‘ಗುಂಯ್’, ನಡುನಡುವೆ ‘ಟಿಕ್ ಟಿಕ್’. ಆಂಪ್‌ನ ಬೆನ್ನಿನಲ್ಲಿದ್ದ ಬಿಸ್ಕತ್ತಿನಷ್ಟಗಲದ ಫ್ಯಾನಿನ ಸದ್ದು ಅದು. ಏಳು ವರ್ಷ ದೂಳು ತಿಂದು ತಿರುಗಿದ ಜೀವ, ಅದರ ಮೇಲೆ ದೂರು ಹೇಳುವಂತಿರಲಿಲ್ಲ.

ಗಿಟಾರ್ ಆಂಪ್, ಬಾಸ್ ಆಂಪ್, ಲೋಡ್ ಬಾಕ್ಸ್, ರ‍್ಯಾಕ್‌ನಲ್ಲಿ ಕೂರುವ ಪವರ್ ಆಂಪ್ – ಇವುಗಳಲ್ಲಿ ಅನೇಕವಕ್ಕೆ ಫ್ಯಾನು ಇರುವುದಕ್ಕೆ ಕಾರಣವಿದೆ. ಕ್ಲಾಸ್ ಎಬಿ ಮಾದರಿಯ ಆಂಪ್ ಜೋರಾಗಿ ನುಡಿಯುವಾಗ ಪ್ಲಗ್‌ನಿಂದ ಎಳೆದುಕೊಂಡ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಶಾಖವಾಗಿಯೇ ಹೋಗುತ್ತದೆ. ಲೋಡ್ ಬಾಕ್ಸ್‌ನದು ಇನ್ನೂ ಕಷ್ಟದ ಪಾಡು: 100 ವ್ಯಾಟ್ ಆಂಪ್‌ಗೆ ಜೋಡಿಸಿದರೆ ಸ್ಪೀಕರಿಗೆ ಹೋಗಬೇಕಾದ ಅಷ್ಟೂ ಶಕ್ತಿಯನ್ನು ತಾನೇ ನುಂಗಿ ಬಿಸಿಯಾಗಿ ಕಾರಬೇಕು. ಹಾಗಾಗಿ ಫ್ಯಾನಿನ ತಂತಿ ಕಿತ್ತು ‘ಸದ್ಯಕ್ಕೆ ಹೀಗಿರಲಿ’ ಎನ್ನುವ ಉಪಾಯ ಬೇಡ. ಲೋಡ್ ಬಾಕ್ಸ್ ಸುಟ್ಟು ಒಳಗಿನ ದಾರಿ ತುಂಡಾದರೆ ಅದರ ಹಿಂದಿರುವ ವಾಲ್ವ್ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಜೊತೆಗೆ ಹೋಗಬಹುದು.

ಆರೋಪಿ ಫ್ಯಾನೇ ಹೌದೇ?

ಗಿಟಾರ್ ಕೇಬಲ್ ಕಿತ್ತು, ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ಸ್ಪೀಕರಿನಿಂದ ಬರುತ್ತಿದ್ದರೆ ಅದು ಬೇರೆ ಕಾಯಿಲೆ, ಗ್ರೌಂಡಿನದೋ ಕೆಪಾಸಿಟರಿನದೋ ಇರಬಹುದು. ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗಿಡಿ, ಇನ್ನೊಂದನ್ನು ಜಾಲರಿಯ ಮುಂದೆ ಆಡಿಸಿ. ಫ್ಯಾನಿನ ನಡುವಿನಿಂದ ಬರುವ ಗರಗರ ಸವೆದ ಬೇರಿಂಗಿನದು. ಟಿಕ್ ಟಿಕ್ ಎಂಬುದು ಬಹಳ ಸಲ ಎಸಳಿಗೆ ತಾಗುತ್ತಿರುವ ತಂತಿ. ಇಡೀ ಪೆಟ್ಟಿಗೆ ‘ಝುಂ’ ಎನ್ನುತ್ತಿದ್ದರೆ ಸಡಿಲಾದ ಸ್ಕ್ರೂವನ್ನೋ, ದೂಳು ಒಂದೇ ಕಡೆ ಮೆತ್ತಿ ತೂಕ ತಪ್ಪಿದ ಎಸಳುಗಳನ್ನೋ ನೋಡಬೇಕು. ಊದುಬತ್ತಿ, ಒಗ್ಗರಣೆ ಎರಡೂ ನಡೆಯುವ ಮನೆಯಲ್ಲಿ ಈ ದೂಳು ಬರೀ ದೂಳಾಗಿ ಉಳಿಯುವುದಿಲ್ಲ, ಎಣ್ಣೆಜಿಡ್ಡಿನ ಜೊತೆ ಸೇರಿ ಕಪ್ಪು ಉಣ್ಣೆಯ ಹಾಗಾಗುತ್ತದೆ. ಎಷ್ಟೋ ಸಲ ಪೇಂಟಿನ ಬ್ರಷ್ಷಿನಲ್ಲಿ ಅದನ್ನು ತೆಗೆದರೇ ಅರ್ಧ ಸದ್ದು ಹೋಗುತ್ತದೆ. ಬ್ಲೋಯರ್ ಹಿಡಿಯುವುದಾದರೆ ಎಸಳನ್ನು ಬೆರಳಿನಿಂದ ತಡೆದಿರಿ. ಗಾಳಿಯ ರಭಸಕ್ಕೆ ಫ್ಯಾನು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗಿಗೂ ಪೆಟ್ಟು, ಅದೇ ಪುಟ್ಟ ಜನರೇಟರಾಗಿ ಬೋರ್ಡಿಗೆ ವೋಲ್ಟೇಜ್ ಹಿಂದಕ್ಕೆ ತಳ್ಳಿದರೂ ತಳ್ಳೀತು.

ಫ್ಯಾನಿನ ಸ್ಟಿಕ್ಕರ್ ಕಿತ್ತು ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡುವ ಚಿಕಿತ್ಸೆ ನನಗೂ ಗೊತ್ತು. ಕೆಲವು ವಾರ ನಡೆಯುತ್ತದೆ, ಮತ್ತೆ ಅದೇ ರಾಗ.

ಬಿಚ್ಚುವ ಮುನ್ನ

ಈ ಭಾಗವನ್ನು ಹಾರಿಸಿ ಓದಬೇಡಿ. ವಾಲ್ವ್ ಆಂಪ್‌ನೊಳಗೆ 400–500 ವೋಲ್ಟ್ ಸಾಮಾನ್ಯ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದರ ಫ್ಯಾನು ಬದಲಿಸಲು ಚಾಸಿ ಬಿಚ್ಚಬೇಕೆಂದಿದ್ದರೆ ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ, ನಾನೂ ಕೊಡುತ್ತೇನೆ. ಹಗುರಾದ ಕ್ಲಾಸ್ ಡಿ ಆಂಪ್ ಸಾಧು ಎಂದುಕೊಳ್ಳುವುದೂ ತಪ್ಪು: ನಮ್ಮ 230 ವೋಲ್ಟ್ ಕರೆಂಟು ಅದರ ಪವರ್ ಸಪ್ಲೈಯಲ್ಲಿ ಡಿಸಿ ಆಗುವಾಗ 320 ವೋಲ್ಟ್ ದಾಟುತ್ತದೆ. ಪ್ಲಗ್ ಕಿತ್ತು ಕನಿಷ್ಠ ಅರ್ಧ ಗಂಟೆ ಬಿಡಿ. ಮುಚ್ಚಳ ತೆಗೆದ ಮೇಲೆ ಮಲ್ಟಿಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ದೊಡ್ಡ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯಿರಿ. ಐದಾರು ವೋಲ್ಟಿಗೆ ಇಳಿಯುವ ತನಕ ಒಳಗೆ ಕೈ ಹಾಕಬೇಡಿ. ಮೀಟರ್ ಬಳಸಲು ಬಾರದವರಿಗೂ ಮೆಕ್ಯಾನಿಕ್ಕೇ ಸರಿ.

ವಾರಂಟಿ ಇನ್ನೂ ಇದ್ದರೆ ಸೀಲು ಒಡೆಯದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಬಿಚ್ಚುವ ಮುಂಚೆ ಇನ್ನೊಂದು ಕೆಲಸವಿದೆ. ಆಂಪ್ ಚಾಲೂ ಇರುವಾಗಲೇ ಜಾಲರಿಯ ಹತ್ತಿರ ಒಂದು ಊದುಬತ್ತಿ ಹಿಡಿದು ಹೊಗೆ ಒಳಗೆ ಹೋಗುತ್ತದೋ ಹೊರಗೆ ತಳ್ಳಿಸಿಕೊಳ್ಳುತ್ತದೋ ನೋಡಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಎರಡು ಫೋಟೊವನ್ನೂ ತೆಗೆದಿಡಿ. ಸ್ಕ್ರೂ ಬಿಚ್ಚಿದ ಮೇಲೆ ಫ್ಯಾನಿನ ಯಾವ ಮುಖ ಯಾವ ಕಡೆಗಿತ್ತು ಎಂಬುದು ನೆನಪಿರುವುದಿಲ್ಲ.

ಲೇಬಲ್ ಹೇಳುವುದು, ಹೇಳದ್ದು

ಹಳೆಯ ಫ್ಯಾನಿನ ಸ್ಟಿಕ್ಕರಿನಲ್ಲಿ ವೋಲ್ಟೇಜ್, ಆಂಪಿಯರ್, ಮಾದರಿ ಸಂಖ್ಯೆ ಇರುತ್ತವೆ. ನನ್ನದರಲ್ಲಿ 12 ವೋಲ್ಟ್ ಡಿಸಿ, 0.18 ಆಂಪಿಯರ್ ಎಂದಿತ್ತು. 24 ವೋಲ್ಟಿನವೂ ಉಂಟು, ಹಳೆಯ ರ‍್ಯಾಕ್ ಆಂಪ್‌ಗಳಲ್ಲಿ ನೇರ 230 ವೋಲ್ಟ್ ಎಸಿಯವೂ ಉಂಟು. ವೋಲ್ಟೇಜ್ ಅದೇ ಇರಬೇಕು, ಆಂಪಿಯರ್ ಹಳೆಯದಕ್ಕಿಂತ ಹೆಚ್ಚಿರಬಾರದು. ಆಮೇಲೆ ಅಳತೆ. ಸ್ಕ್ರೂ ತೂತುಗಳ ನಡುವಿನ ದೂರ ನೋಡಿದರೆ ಗೊತ್ತಾಗುತ್ತದೆ: 32 ಮಿ.ಮೀ. ಇದ್ದರೆ 40ರ ಫ್ಯಾನು, 50 ಇದ್ದರೆ 60ರದು, 71.5 ಇದ್ದರೆ 80ರದು. ದಪ್ಪ ಮರೆಯಬೇಡಿ. 10, 15, 20, 25 ಮಿ.ಮೀ. ದಪ್ಪದವು ಸಿಗುತ್ತವೆ, ಐದು ಮಿಲಿಮೀಟರ್ ಹೆಚ್ಚಾದರೆ ಮುಚ್ಚಳ ಕೂರುವುದಿಲ್ಲ.

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘ಸದ್ದೇ ಬರಬಾರದು’ ಎಂದೆ. ಅಂಗಡಿಯಾತ ಹಾಗೇ ಕೊಟ್ಟ. ಮನೆಯಲ್ಲಿ ಹಾಕಿದರೆ ನಿಜಕ್ಕೂ ನಿಶ್ಶಬ್ದ, ಕುಣಿದಾಡುವಷ್ಟು ಖುಷಿ. ಶನಿವಾರ ರಿಹರ್ಸಲ್‌ನಲ್ಲಿ ಮುಕ್ಕಾಲು ಗಂಟೆ ಜೋರಾಗಿ ನುಡಿಸುವಷ್ಟರಲ್ಲಿ ಆಂಪ್ ತಾನಾಗಿಯೇ ಬಂದ್. ಒಳಗಿನ ಶಾಖದ ಕಾವಲುಗಾರ ಸರ್ಕ್ಯೂಟು ತನ್ನ ಕೆಲಸ ಮಾಡಿತ್ತು, ನಾನು ಮಾಡಿರಲಿಲ್ಲ. ಹೊಸ ಫ್ಯಾನು ಹಳೆಯದರ ಅರ್ಧದಷ್ಟೂ ಗಾಳಿ ಎಳೆಯುತ್ತಿರಲಿಲ್ಲ.

ಫ್ಯಾನಿನ ಲೆಕ್ಕ ಹೀಗಿದೆ. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧಕ್ಕಿಳಿಯುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಕುಸಿಯುತ್ತದೆ. ವೇಗವನ್ನು ಐದನೇ ಒಂದು ಭಾಗ ತಗ್ಗಿಸಿದರೂ 5 ಡೆಸಿಬೆಲ್ ಹತ್ತಿರ ಕಡಿಮೆ. ಕಿವಿಗೆ ಇಷ್ಟು ಸುಲಭವಾಗಿ ಲಾಭ ಸಿಗುವುದರಿಂದಲೇ ಮನುಷ್ಯ ಮೋಸಹೋಗುವುದು. ಆದ್ದರಿಂದ ಡೆಸಿಬೆಲ್ ನೋಡುವ ಮೊದಲು ಹಳೆಯ ಮಾದರಿ ಸಂಖ್ಯೆಯ ಡೇಟಾಶೀಟ್ ಹುಡುಕಿ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದನ್ನು ಬರೆದುಕೊಳ್ಳಿ. ಹೊಸದು ಅಷ್ಟನ್ನು, ತಪ್ಪಿದರೆ ಅದರ ಹತ್ತಿರ ಹತ್ತಿರವಾದರೂ ಕೊಡಬೇಕು. ಜೊತೆಗೆ ‘ಸ್ಟ್ಯಾಟಿಕ್ ಪ್ರೆಶರ್’ ಎಂಬ ಅಂಕಿಯನ್ನೂ ನೋಡಿ. ಹೀಟ್‌ಸಿಂಕಿನ ಇಕ್ಕಟ್ಟಾದ ಸೀಳುಗಳ ನಡುವೆ ಗಾಳಿ ನುಗ್ಗಿಸಲು ಬೇಕಾದ ಒತ್ತಡ ಅದು. ಈ ಎರಡರಲ್ಲಿ ಸರಿಸಮನಾದ ಫ್ಯಾನುಗಳನ್ನು ಸಾಲಾಗಿಟ್ಟುಕೊಂಡು, ಅವುಗಳಲ್ಲಿ ಕಡಿಮೆ ಡೆಸಿಬೆಲ್ಲಿನದನ್ನು ಆರಿಸಿ. ಬೇರಿಂಗ್ ವಿಷಯದಲ್ಲಿ ಅಗ್ಗದ ಸ್ಲೀವ್ ಬೇರಿಂಗ್ ಬೇಗ ಸವೆಯುತ್ತದೆ, ಬಾಲ್ ಬೇರಿಂಗ್ ಬಾಳಿಕೆ ಚೆನ್ನ ಆದರೆ ಒಂದಿಷ್ಟು ಗರಗರ ಇರುತ್ತದೆ. ರೆಕಾರ್ಡಿಂಗ್ ಮಾಡುವವರಿಗೆ ಫ್ಲೂಯಿಡ್ ಬೇರಿಂಗಿಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಲೇಸು.

ತಂತಿಯ ಬಣ್ಣದ ಮೋಸ

ಎರಡು ತಂತಿಯ ಫ್ಯಾನು ಸುಲಭ: ಕೆಂಪು ಪ್ಲಸ್, ಕಪ್ಪು ಮೈನಸ್. ಮೂರನೆಯ ತಂತಿ ಇದ್ದರೆ ಅದು ಫ್ಯಾನು ತಿರುಗುತ್ತಿದೆ ಎಂದು ಯಂತ್ರಕ್ಕೆ ವರದಿ ಮಾಡುವ ತಂತಿ. ಅಂಥ ಕಡೆ ಎರಡು ತಂತಿಯದನ್ನು ಹಾಕಿದರೆ ವರದಿ ಬಾರದೆ ಯಂತ್ರ ಶುರುವೇ ಆಗದಿರಬಹುದು. ಇಲ್ಲಿ ಒಂದು ಬಲೆ ಇದೆ. ಸಾಮಾನ್ಯ ಮೂರು ತಂತಿಯ ಫ್ಯಾನಿನಲ್ಲಿ ಹಳದಿಯೇ ವರದಿಯ ತಂತಿ. ಸದ್ದಿಲ್ಲದ ಫ್ಯಾನು ಬೇಕೆಂದವರು ಹುಡುಕುವ ಆಸ್ಟ್ರಿಯಾದ ನಾಕ್ಟುವಾ ಫ್ಯಾನುಗಳಲ್ಲಿ ಹಳದಿ ಎಂದರೆ 12 ವೋಲ್ಟ್ ಪ್ಲಸ್, ವರದಿಗೆ ಹಸಿರು. ಬಣ್ಣಕ್ಕೆ ಬಣ್ಣ ಸೇರಿಸಿ ಬೆಸುಗೆ ಹಾಕಿದರೆ ಕೆಟ್ಟಿರಿ. ಹೊಸ ಫ್ಯಾನಿನ ಕಾಗದ ನೋಡಿ, ತಂತಿಯ ಕೆಲಸಕ್ಕೆ ಕೆಲಸ ಸೇರಿಸಿ.

ಪಿನ್ನುಗಳ ಕನೆಕ್ಟರ್ ಹೊಂದುವುದು ಅಪರೂಪ. ಹಳೆಯ ಫ್ಯಾನಿನ ಕನೆಕ್ಟರನ್ನು ಏಳೆಂಟು ಸೆಂಟಿಮೀಟರ್ ತಂತಿಯ ಸಮೇತ ಕತ್ತರಿಸಿ ಹೊಸದಕ್ಕೆ ಜೋಡಿಸಿ. ಬೆಸುಗೆ ಹಾಕುವ ಮುಂಚೆಯೇ ಹೀಟ್‌ಶ್ರಿಂಕ್ ಕೊಳವೆಯನ್ನು ತಂತಿಗೆ ಪೋಣಿಸಿರಿ. ಬೆಸುಗೆ ಮುಗಿಸಿ, ‘ಅಯ್ಯೋ’ ಎಂದು ಮತ್ತೆ ಬಿಡಿಸುವುದು ನಮ್ಮೆಲ್ಲರಿಗೂ ಆಗಿರುವುದೇ. ಬರೀ ಇನ್ಸುಲೇಷನ್ ಟೇಪ್ ಸಾಲದು, ಒಳಗಿನ ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ.

ಒಳಗೆ ಕೂರಿಸುವ ಮುನ್ನ ಫ್ಯಾನನ್ನು ಮೇಜಿನ ಮೇಲೆ ತಿರುಗಿಸಿ ನೋಡಲು ಗಿಟಾರಿಸ್ಟರ ಮನೆಯಲ್ಲೇ ಸಾಧನವಿದೆ: ಪೆಡಲಿನ 9 ವೋಲ್ಟ್ ಅಡಾಪ್ಟರ್. ಸಾಮಾನ್ಯ ಪೆಡಲ್ ಅಡಾಪ್ಟರಿನ ತುದಿಯಲ್ಲಿ ನಡುವಿನದು ಮೈನಸ್, ಹೊರಗಿನ ಉಂಗುರ ಪ್ಲಸ್. ಬೇರೆ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದಕ್ಕೆ ತಲೆಕೆಳಗು. 12 ವೋಲ್ಟಿನ ಫ್ಯಾನು 9ರಲ್ಲಿ ತಡವರಿಸದೆ ತಿರುಗಬೇಕು. ಆಂಪ್ ತಣ್ಣಗಿರುವಾಗ ಫ್ಯಾನಿಗೆ ಕಡಿಮೆ ವೋಲ್ಟೇಜ್ ಕೊಡುವ ವಿನ್ಯಾಸಗಳಲ್ಲಿ ಸೋಮಾರಿ ಫ್ಯಾನು ಶುರುವಾಗದೆ ನಿಂತುಬಿಡುತ್ತದೆ, ಆದ್ದರಿಂದ ಈ ಪರೀಕ್ಷೆ.

ಕೂರಿಸುವುದು

ಫ್ಯಾನಿನ ಚೌಕಟ್ಟಿನ ಬದಿಯಲ್ಲಿ ಸಣ್ಣ ಬಾಣ ಇದ್ದರೆ ಗಾಳಿ ಅತ್ತ. ಬಾಣ ಇಲ್ಲದಿದ್ದರೆ ನಡುವಿನ ಮೋಟಾರನ್ನು ಹಿಡಿದ ಕಡ್ಡಿಗಳೂ ಸ್ಟಿಕ್ಕರೂ ಇರುವ ಕಡೆಯಿಂದ ಗಾಳಿ ಹೊರಬರುತ್ತದೆ. ಊದುಬತ್ತಿಯ ಟಿಪ್ಪಣಿ ಈಗ ಬೇಕಾಗುವುದು. ಲೋಹಕ್ಕೆ ಫ್ಯಾನನ್ನು ಬಿಗಿದು ಕಟ್ಟಿದರೆ ಅದರ ನಡುಕಕ್ಕೆ ಇಡೀ ಪೆಟ್ಟಿಗೆ ತಮಟೆಯಾಗುತ್ತದೆ. ಸ್ಕ್ರೂ ಬದಲು ಸಿಲಿಕೋನಿನ ಮೆತ್ತನೆಯ ಪಿನ್ನು ಸಿಕ್ಕರೆ ಅದನ್ನೇ ಹಾಕಿ, ಇಲ್ಲವಾದರೆ ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಇಟ್ಟು ಅಲುಗದಷ್ಟು ಮಾತ್ರ ತಿರುವಿ. ಆದರೆ ಫ್ಯಾನು ಹೀಟ್‌ಸಿಂಕಿಗೇ ಅಂಟಿ ಕೂರುವ ವಿನ್ಯಾಸವಾದರೆ ಸಿಲಿಕೋನ್ ಬೇಡ, ಸಂದಿಯಿಂದ ಗಾಳಿ ಸೋರಿ ತಂಪು ಕಡಿಮೆಯಾದೀತು. ಉಳಿದ ತಂತಿಯನ್ನು ಕೇಬಲ್ ಟೈಯಿಂದ ಎಸಳಿನ ದೂರಕ್ಕೆ ಕಟ್ಟಿ, ಇನ್‌ಪುಟ್ ಜ್ಯಾಕಿನ ತಂತಿಗಳ ಪಕ್ಕದಲ್ಲಿ ಹಾಯಿಸಬೇಡಿ. ಬ್ರಷ್‌ಲೆಸ್ ಮೋಟಾರಿನ ಕರೆಂಟು ಮಿಡಿಯುತ್ತ ಹರಿಯುತ್ತದೆ, ಆ ಮಿಡಿತ ಸ್ಪೀಕರಿನಲ್ಲಿ ಸಣ್ಣ ಕೀಚಲಾಗಿ ಕೇಳಿಸಬಹುದು.

ಮುಚ್ಚಳ ಹಾಕಿದ ಮೇಲೆಯೇ ಪ್ಲಗ್ ಚುಚ್ಚಿ. ಮತ್ತೆ ಊದುಬತ್ತಿ, ಹೊಗೆ ಮೊದಲಿನ ದಿಕ್ಕಿಗೇ ಹೋಗಬೇಕು. ಬಳಿಕ ರಿಹರ್ಸಲ್‌ನಷ್ಟೇ ಜೋರಾಗಿ ಒಂದು ಗಂಟೆ ಪೂರ್ತಿ ನುಡಿಸಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡಿ. ಐದು ಸೆಕೆಂಡ್ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಹಳೆಯ ಫ್ಯಾನಿದ್ದಾಗಿನದಕ್ಕಿಂತ ಬಿಸಿ ಹೆಚ್ಚು ಎನಿಸಿದರೆ, ಆರಿಸಿದ ಫ್ಯಾನು ಸಾಲದು. ನನ್ನ ಎರಡನೆಯ ಫ್ಯಾನು ಈ ಪರೀಕ್ಷೆ ದಾಟಿತು. ಮೊದಲಿನದರಷ್ಟು ನಿಶ್ಶಬ್ದ ಅದಲ್ಲ. ಕಿವಿ ಹತ್ತಿರ ತಂದರೆ ಸಣ್ಣಗೆ ‘ಸ್ಸ್’ ಎನ್ನುತ್ತದೆ, ಮೈಕ್ ಇಡುವ ಜಾಗಕ್ಕೆ ಅದು ಮುಟ್ಟುವುದಿಲ್ಲ.

ಹಳೆಯ ಫ್ಯಾನನ್ನು ಕೂಡಲೇ ಎಸೆಯಬೇಡಿ. ಹೊಸದು ನಾಲ್ಕಾರು ರಿಹರ್ಸಲ್ ದಾಟುವ ತನಕ ಒಂದು ಡಬ್ಬಿಯಲ್ಲಿ ಇಟ್ಟಿರಿ, ಕತ್ತರಿಸಿದ ತಂತಿಯ ತುಂಡಿನ ಸಮೇತ.