ಮದರಂಗಿ ಮತ್ತು ನೀಲಿ ಎಲೆಯ ಪುಡಿ: ಕೇಶವರ್ಣದ ವ್ಯಾಪಾರಿಗಳಿಗೆ ಒಂದು ಪಾಠ

ಊರಿನ ಗ್ರಂಧಿಗೆ ಅಂಗಡಿಯಿಂದ ಹಿಡಿದು ನಗರದ ಸೂಪರ್ ಮಾರ್ಕೆಟ್‌ವರೆಗೆ ಮದರಂಗಿ ಪುಡಿ ದೊರೆಯದ ಮಳಿಗೆ ಇಂದು ವಿರಳ. ಗೋರಂಟಿ, ಮದರಂಗಿ, ಮೆಹೆಂದಿ ಎಂದು ಹೆಸರು ಊರಿಂದೂರಿಗೆ ಬದಲಾದರೂ ಗಿಡ ಒಂದೇ. ಬಂಡವಾಳ ಕಡಿಮೆ, ಯಂತ್ರೋಪಕರಣ ಸರಳ, ಬೇಡಿಕೆ ವರ್ಷವಿಡೀ ಇರುತ್ತದೆ. ಆದ್ದರಿಂದಲೇ ಅನೇಕ ಸಣ್ಣ ಉದ್ಯಮಿಗಳು ಪುಡಿಯನ್ನು ಸಗಟಾಗಿ ತರಿಸಿ, ಪೊಟ್ಟಣ ಕಟ್ಟಿ ಮಾರುವ ಕಾರ್ಯದಲ್ಲಿ ತೊಡಗಿದ್ದಾರೆ. ದೇಶದೊಳಗಿನ ಬೇಡಿಕೆಯ ಜೊತೆಗೆ ಅಮೆರಿಕದಂತಹ ದೂರದ ಮಾರುಕಟ್ಟೆಯಲ್ಲಿಯೂ ಭಾರತದ ಮದರಂಗಿಗೂ ನೀಲಿ ಎಲೆಯ ಪುಡಿಗೂ ಗ್ರಾಹಕರಿದ್ದಾರೆ.

ಆದರೆ ತಾನು ಮಾರುವ ಪುಡಿ ಕೂದಲಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದ ವ್ಯಾಪಾರಿಯು ಕಲಬೆರಕೆಯನ್ನು ಗುರುತಿಸಲಾರನು, ಗ್ರಾಹಕರ ದೂರಿಗೆ ಉತ್ತರಿಸಲೂ ಆರನು. ಈ ಅರಿವನ್ನು ಸರಳವಾಗಿ ಒದಗಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದೇ ಹೆಸರು, ಮೂರು ಬಗೆಯ ಸರಕು

ಪೇಟೆಯಲ್ಲಿ ಮೆಹೆಂದಿ ಎಂಬ ಹೆಸರಿನಲ್ಲಿ ಮೂರು ಬಗೆಯ ಸರಕುಗಳು ಮಾರಾಟವಾಗುತ್ತಿವೆ. ಮೊದಲನೆಯದು ಕೇವಲ ಎಲೆಯ ಪುಡಿ. ಎರಡನೆಯದು ಎಲೆಯ ಪುಡಿಗೆ ಇತರ ಮೂಲಿಕೆಗಳನ್ನು ಬೆರೆಸಿದ್ದು. ಮೂರನೆಯದು ರಾಸಾಯನಿಕ ಬಣ್ಣವನ್ನು ಬೆರೆಸಿ 'ಕಪ್ಪು ಮೆಹೆಂದಿ' ಎಂದು ಮಾರುವ ಸರಕು. ಮೊದಲೆರಡರಲ್ಲಿ ಗುಣಮಟ್ಟದ ಪ್ರಶ್ನೆ ಮಾತ್ರ ಇದೆ. ಮೂರನೆಯದರಲ್ಲಿ ಗ್ರಾಹಕರ ಆರೋಗ್ಯದ ಪ್ರಶ್ನೆಯೇ ಅಡಗಿದೆ.

ಮದರಂಗಿಯು ಎಂದಿಗೂ ಕಪ್ಪು ಬಣ್ಣವನ್ನು ಕೊಡುವುದಿಲ್ಲ. ಅದರ ಬಣ್ಣ ಕಿತ್ತಳೆಯಿಂದ ಕೆಂಗಂದುವರೆಗೆ ಮಾತ್ರ. ಕೆಲವೇ ನಿಮಿಷಗಳಲ್ಲಿ ಕೂದಲನ್ನು ಕಪ್ಪಾಗಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಪ್ಯಾರಾ-ಫಿನೈಲೀನ್‌ಡೈಅಮೈನ್, ಅಂದರೆ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ನಿಗದಿತ ಮಿತಿಯೊಳಗೆ, ಲೇಬಲ್‌ನಲ್ಲಿ ನಮೂದಿಸಿ, ಕೂದಲಿನ ಬಣ್ಣವಾಗಿ ಇದನ್ನು ಮಾರಲು ಅವಕಾಶವಿದೆ. ಆದರೆ ಮೂಲಿಕೆಯ ಹೆಸರಿನಲ್ಲಿ ಮುಚ್ಚಿ ಮಾರುವುದು ವಂಚನೆಯೇ ಸರಿ. ಪಿಪಿಡಿಗೆ ಒಗ್ಗದವರಲ್ಲಿ ತುರಿಕೆ, ಗುಳ್ಳೆ ಹಾಗೂ ಮುಖದ ಬಾವು ಕಾಣಿಸಿಕೊಳ್ಳುತ್ತವೆ. ಒಮ್ಮೆ ಒಗ್ಗದೆ ಹೋದ ದೇಹ ಮುಂದೆಯೂ ಅದನ್ನು ಸಹಿಸುವುದಿಲ್ಲ. ಅಮೆರಿಕದ ಚರ್ಮತಜ್ಞರ ಸಂಘಟನೆಯೊಂದು 2006ರಲ್ಲಿ ಇದನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿ ಜನರ ಗಮನ ಸೆಳೆದಿತ್ತು.

ಹಾಗಾದರೆ ರಾಸಾಯನಿಕವಿಲ್ಲದೆ ಕಪ್ಪು ಬಣ್ಣ ಸಾಧ್ಯವೇ? ಸಾಧ್ಯ. ಅದಕ್ಕೆ ಮದರಂಗಿಯ ಜೊತೆಗೆ ನೀಲಿ ಎಲೆ ಬೇಕು, ತಾಳ್ಮೆಯೂ ಬೇಕು.

ಎರಡು ಎಲೆಗಳು, ಎರಡು ಗುಣಗಳು

ಮದರಂಗಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ಅಂಶವಿದೆ. ಪುಡಿಯನ್ನು ನೀರಿನಲ್ಲಿ ಕಲಸಿಟ್ಟಾಗ ಅದು ನಿಧಾನವಾಗಿ ಬಿಡುಗಡೆಯಾಗಿ, ಕೂದಲಿನ ಕೆರಟಿನ್ ಎಂಬ ಪ್ರೋಟೀನಿನೊಡನೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಆದ್ದರಿಂದಲೇ ಅದು ತೊಳೆದರೆ ಹೋಗುವ ಬಣ್ಣವಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಈ ಬೆಳೆಯ ಪ್ರಮುಖ ಕೇಂದ್ರ. ಸೋಜತ್ ಮೆಹೆಂದಿಗೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ನೀಲಿ ಎಲೆಯ ರೀತಿಯೇ ಬೇರೆ. ಇಂಡಿಗೋಫೆರ ಟಿಂಕ್ಟೋರಿಯ ಎಂಬ ಈ ಗಿಡದ ಹಸಿರು ಎಲೆಯಲ್ಲಿ ಸಿದ್ಧ ನೀಲಿ ಬಣ್ಣವಿರುವುದಿಲ್ಲ. ಇಂಡಿಕಾನ್ ಎಂಬ ಬಣ್ಣವಿಲ್ಲದ ಅಂಶವಿರುತ್ತದೆ. ನೀರು ತಾಗಿದೊಡನೆ ಅದು ಒಡೆದು ಇಂಡಾಕ್ಸಿಲ್ ಆಗುತ್ತದೆ. ಇಂಡಾಕ್ಸಿಲ್ ಕೂದಲಿನೊಳಗೆ ಇಳಿದು, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಕಲಸಿದ ಪುಡಿಯನ್ನು ಬಟ್ಟಲಿನಲ್ಲೇ ಬಹಳ ಹೊತ್ತು ಬಿಟ್ಟರೆ ಈ ಬದಲಾವಣೆ ಬಟ್ಟಲಿನಲ್ಲೇ ಮುಗಿದುಹೋಗಿ ಕೂದಲಿಗೆ ಬಣ್ಣ ಹತ್ತುವುದಿಲ್ಲ. 'ನಿಮ್ಮ ನೀಲಿ ಪುಡಿ ಕೆಲಸ ಮಾಡಲಿಲ್ಲ' ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಈ ತಪ್ಪೇ.

ಖರೀದಿಯಲ್ಲಿಯೂ ಎಚ್ಚರ ಅಗತ್ಯ. ಬಟ್ಟೆಗೆ ಬಣ್ಣ ಹಾಕುವವರು ಬಳಸುವ ನೀಲಿಯ ಗಟ್ಟಿಗಳು ನೀರಿನಲ್ಲಿ ಕರಗುವುದಿಲ್ಲ. ಕೂದಲಿಗೆ ಅವು ನಿರುಪಯುಕ್ತ. ಬಿಳಿ ಬಟ್ಟೆಗೆ ಹಾಕುವ ನೀಲಿಯಂತೂ ಇದಕ್ಕೆ ಸಂಬಂಧವೇ ಇಲ್ಲದ ವಸ್ತು. ಖರೀದಿ ಆದೇಶದಲ್ಲಿ 'ನೀಲಿ' ಎಂದಷ್ಟೇ ಬರೆಯದೆ 'ಒಣಗಿಸಿದ ನೀಲಿ ಎಲೆಯ ಪುಡಿ, ಕೂದಲಿಗೆ' ಎಂದು ಸ್ಪಷ್ಟವಾಗಿ ಬರೆಯತಕ್ಕದ್ದು. ತಮಿಳುನಾಡಿನ ತಿಂಡಿವನಂ ಸುತ್ತಮುತ್ತ ಈ ಬೆಳೆ ಇಂದಿಗೂ ಉಳಿದುಬಂದಿದೆ.

ಬಳಸುವ ಕ್ರಮ

ಪೊಟ್ಟಣದೊಳಗೆ ಇಡುವ ಬಳಕೆಯ ಚೀಟಿ ಸರಕಿನಷ್ಟೇ ಮುಖ್ಯ. ಅದರಲ್ಲಿ ಈ ಕೆಳಗಿನ ಅಂಶಗಳಿರಬೇಕು.

1. ಗಿಡ್ಡ ಕೂದಲಿಗೆ ಸುಮಾರು 100 ಗ್ರಾಂ, ಹೆಗಲವರೆಗಿನ ಕೂದಲಿಗೆ ಸುಮಾರು 200 ಗ್ರಾಂ ಪುಡಿ ಬೇಕು. ದಟ್ಟವಾದ ಗುಂಗುರು ಕೂದಲಿಗೆ ಇನ್ನೂ ಹೆಚ್ಚು ಬೇಕಾಗಬಹುದು.

2. ಮದರಂಗಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ ಮುಚ್ಚಿಡಬೇಕು. ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲು ಒಳ್ಳೆಯದು. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಬಣ್ಣ ಬಿಡುತ್ತದೆ. ಚಳಿಗಾಲದಲ್ಲಿ ರಾತ್ರಿಯಿಡೀ ಬೇಕಾಗಬಹುದು.

3. ತೊಳೆದು ಎಣ್ಣೆಯ ಪಸೆ ತೆಗೆದ ಕೂದಲಿಗೆ ಹಚ್ಚಿ, ಎರಡರಿಂದ ನಾಲ್ಕು ಗಂಟೆ ಬಿಟ್ಟು, ಶಾಂಪೂ ಇಲ್ಲದೆ ನೀರಿನಲ್ಲಿ ತೊಳೆಯಬೇಕು. ಈ ಹಂತದಲ್ಲಿ ನರೆಗೂದಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

4. ಕಪ್ಪು ಬೇಕಾದವರು ಅನಂತರ ನೀಲಿ ಎಲೆಯ ಪುಡಿಯನ್ನು ನೀರಿನಲ್ಲಿ ಕಲಸಬೇಕು. 100 ಗ್ರಾಂಗೆ ಒಂದು ಚಿಕ್ಕ ಚಮಚ ಉಪ್ಪು ಸೇರಿಸುವುದು ರೂಢಿ. ಹತ್ತು-ಹದಿನೈದು ನಿಮಿಷಗಳ ನಂತರ ತಡಮಾಡದೆ ಹಚ್ಚಿ, ಒಂದರಿಂದ ಎರಡು ಗಂಟೆ ಬಿಟ್ಟು ತೊಳೆಯಬೇಕು.

5. ಕಂದು ಬಣ್ಣ ಬೇಕಾದವರು ಸಿದ್ಧವಾದ ಮದರಂಗಿಗೆ ಹೊಸದಾಗಿ ಕಲಸಿದ ನೀಲಿಯನ್ನು ಬೆರೆಸಿ ಒಮ್ಮೆಲೇ ಹಚ್ಚಬಹುದು. ನೀಲಿಯ ಪ್ರಮಾಣ ಹೆಚ್ಚಿದಂತೆ ಕಂದು ಗಾಢವಾಗುತ್ತದೆ.

6. ಮೊದಲ ದಿನ ಕೂದಲಿನಲ್ಲಿ ಹಸಿರು ಛಾಯೆ ಕಂಡರೆ ಗಾಬರಿ ಬೇಡ. ಒಂದೆರಡು ದಿನಗಳಲ್ಲಿ ಬಣ್ಣ ಗಾಢವಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಶಾಂಪೂ ಬಳಸಬಾರದು.

7. ಮೊದಲು ಬಾಚಣಿಗೆಯಲ್ಲಿ ಉದುರಿದ ಕೂದಲಿನ ಮೇಲೆ ಬಣ್ಣವನ್ನೂ, ಮೊಣಕೈ ಒಳಭಾಗದ ಚರ್ಮದ ಮೇಲೆ ಅಲರ್ಜಿಯನ್ನೂ ಪರೀಕ್ಷಿಸಿಯೇ ಮುಂದುವರಿಯಬೇಕು.

ಕಡಲಾಚೆಯ ಗ್ರಾಹಕರು

ಅಮೆರಿಕದ ಆಫ್ರಿಕನ್ ಮೂಲದ ಮಹಿಳೆಯರಲ್ಲಿ ಗುಂಗುರು ಕೂದಲನ್ನು ರಾಸಾಯನಿಕದಿಂದ ನೇರಗೊಳಿಸುವ ಪದ್ಧತಿ ದೀರ್ಘಕಾಲದಿಂದ ಬಂದಿದೆ. ಈ ಕ್ರೀಮಿಗೆ ರಿಲ್ಯಾಕ್ಸರ್ ಎಂದು ಹೆಸರು. ಸೋಡಿಯಂ ಹೈಡ್ರಾಕ್ಸೈಡ್‌ನಂತಹ ತೀವ್ರ ಕ್ಷಾರವು ಕೂದಲಿನ ಒಳಬಂಧಗಳನ್ನು ಶಾಶ್ವತವಾಗಿ ಬದಲಿಸುವುದರಿಂದ ಕೂದಲು ನೇರವಾಗುತ್ತದೆ. ಜೊತೆಗೆ ದುರ್ಬಲವೂ ಆಗುತ್ತದೆ. ನಮ್ಮ ಬ್ಯೂಟಿ ಪಾರ್ಲರ್‌ಗಳ ಸ್ಟ್ರೈಟನಿಂಗ್‌ನಲ್ಲಿ ಬಳಕೆಯಾಗುವ ರಾಸಾಯನಿಕ ಸಾಮಾನ್ಯವಾಗಿ ಬೇರೆಯಾದರೂ, ಕೂದಲು ಬಲ ಕಳೆದುಕೊಳ್ಳುವ ಸಂಗತಿ ಎರಡಕ್ಕೂ ಸಮಾನ.

2000ದ ದಶಕದಿಂದೀಚೆಗೆ ಈ ಮಹಿಳೆಯರಲ್ಲಿ ಹಲವರು ರಿಲ್ಯಾಕ್ಸರ್ ತೊರೆದು ಸಹಜ ಕೂದಲಿಗೆ ಮರಳಿದರು. ಸಹಜ ಕೇಶವಿನ್ಯಾಸದ ಕಾರಣಕ್ಕೆ ಉದ್ಯೋಗದಲ್ಲಿ ಹಾಗೂ ಶಾಲೆಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನನ್ನು ಕ್ಯಾಲಿಫೋರ್ನಿಯ 2019ರಲ್ಲಿ ಮೊದಲಿಗೆ ತಂದಿತು. ಮೂವತ್ತಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಪದೇಪದೇ ಬಳಸುವವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದುದನ್ನು ತಿಳಿಸಿತು. ಇದು ಕಾರಣವನ್ನು ಸಿದ್ಧಪಡಿಸಿದ ಅಧ್ಯಯನವಲ್ಲ, ಸಂಬಂಧವನ್ನು ತೋರಿಸಿದ ಅಧ್ಯಯನ. ಆದರೂ ಗ್ರಾಹಕರ ಮನಸ್ಸಿನಲ್ಲಿ ಇಂತಹ ವರದಿಗಳು ಉಳಿಯುತ್ತವೆ.

ರಾಸಾಯನಿಕಗಳಿಂದ ದೂರ ಸರಿಯಬೇಕೆಂದೇ ಎಲೆಯ ಪುಡಿಯನ್ನು ಆರಿಸಿಕೊಂಡ ಈ ಗ್ರಾಹಕರಿಗೆ ಪೊಟ್ಟಣದೊಳಗೆ ಗುಟ್ಟಾಗಿ ಪಿಪಿಡಿ ಇಟ್ಟು ಕಳುಹಿಸುವುದು ಎಂತಹ ದ್ರೋಹ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಗಾಢವಾಗಲೆಂದು ಲೋಹದ ಲವಣ ಬೆರೆಸಿದ ಪುಡಿಯೂ ಅಷ್ಟೇ ಅಪಾಯಕಾರಿ. ಅಂತಹ ಕೂದಲಿಗೆ ಮುಂದೆ ಪೆರಾಕ್ಸೈಡ್ ಇರುವ ಬಣ್ಣ ಅಥವಾ ಬ್ಲೀಚ್ ತಾಗಿದರೆ ಕೂದಲು ಬಿಸಿಯೇರಿ ತುಂಡಾಗಬಹುದು.

ರಿಲ್ಯಾಕ್ಸ್ ಮಾಡಿದ ಕೂದಲು ಬಣ್ಣವನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದ್ದರಿಂದ ರಿಲ್ಯಾಕ್ಸರ್ ಹಚ್ಚಿದ ದಿನವೇ ಮದರಂಗಿ ಹಚ್ಚಬಾರದು. ಎರಡು ವಾರಗಳಾದರೂ ಅಂತರವಿರಲಿ. ತೊಳೆದ ನಂತರ ಕಂಡೀಷನರ್ ಬಳಸಲು ಚೀಟಿಯಲ್ಲಿ ಸೂಚಿಸಬೇಕು. ಸಹಜ ಗುಂಗುರು ಕೂದಲಿನವರಿಗೆ ಮತ್ತೊಂದು ಮಾತನ್ನು ತಿಳಿಸಬೇಕು: ಮತ್ತೆ ಮತ್ತೆ ಮದರಂಗಿ ಹಚ್ಚಿದರೆ ಕೆಲವರ ಕೂದಲಿನ ಸುರುಳಿ ಸಡಿಲವಾಗುತ್ತದೆ.

ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರು, ಅದರಲ್ಲಿಯೂ ಶಿಶುಗಳು, ಮದರಂಗಿ ಬಳಸಬಾರದು; ಅವರಲ್ಲಿ ರಕ್ತಕಣಗಳು ಒಡೆಯುವ ಅಪಾಯವಿದೆ. ಆಫ್ರಿಕನ್ ಮೂಲದವರಲ್ಲಿ ಈ ಕೊರತೆ ಹೆಚ್ಚು. ಭಾರತದ ಕೆಲವು ಸಮುದಾಯಗಳಲ್ಲಿಯೂ ಇದೆ. ಈ ಎಚ್ಚರಿಕೆ ಪೊಟ್ಟಣದ ಮೇಲಿರುವುದು ಲೇಸು.

'ಬಲ ಕೊಡುತ್ತದೆ' ಎಂದು ಎಷ್ಟರಮಟ್ಟಿಗೆ ಹೇಳಬಹುದು?

ಲಾಸೋನ್ ಕೆರಟಿನ್‌ನೊಡನೆ ಬೆಸೆಯುವುದರಿಂದ ಕೂದಲಿನ ಎಳೆ ದಪ್ಪನಾದಂತೆ, ಗಟ್ಟಿಯಾದಂತೆ ಅನುಭವಕ್ಕೆ ಬರುತ್ತದೆ. ಇಷ್ಟು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ರಿಲ್ಯಾಕ್ಸರ್‌ನಿಂದ ಬದಲಾದ ಒಳಬಂಧಗಳನ್ನು ಮದರಂಗಿ ಮರಳಿ ಕಟ್ಟಿಕೊಡುವುದಿಲ್ಲ. ನೀಲಿ ಎಲೆಯ ಕೆಲಸವಂತೂ ಮುಖ್ಯವಾಗಿ ಬಣ್ಣವೇ. 'ಹೊಸ ಕೂದಲು ಬೆಳೆಯುತ್ತದೆ', 'ಬೊಕ್ಕತಲೆ ಗುಣವಾಗುತ್ತದೆ' ಎಂಬ ಭರವಸೆಗಳು ಔಷಧಕ್ಕೆ ಸೇರಿದ ಮಾತುಗಳು; ಸೌಂದರ್ಯವರ್ಧಕದ ಲೇಬಲ್‌ನಲ್ಲಿ ಅವಕ್ಕೆ ಸ್ಥಾನವಿಲ್ಲ.

ಸರಕು ಪರೀಕ್ಷೆ

ಕೆಳಗಿನ ಪರೀಕ್ಷೆಗಳನ್ನು ಅಂಗಡಿಯಲ್ಲಿಯೇ ಮಾಡಬಹುದು.

ಮರಳು: ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಬಿಟ್ಟರೆ ಮರಳು ತಳದಲ್ಲಿ ಕೂರುತ್ತದೆ.

ಕೃತಕ ಹಸಿರು: ಒದ್ದೆ ಬಿಳಿ ಬಟ್ಟೆಯ ಮೇಲೆ ಪುಡಿ ಉದುರಿಸಿದೊಡನೆ ಕಣ್ಣು ಕುಕ್ಕುವ ಹಸಿರು ಹರಡಿದರೆ ಬಣ್ಣ ಬೆರೆಸಿರುವ ಸಂದೇಹ ಉಂಟು.

ಮದರಂಗಿಯ ಸತ್ವ: ಕಲಸಿಟ್ಟ ಮುದ್ದೆಯನ್ನು ಕೆಲವು ಗಂಟೆಗಳ ನಂತರ ಬಿಳಿ ಬಟ್ಟೆಗೆ ಒತ್ತಿದಾಗ ಕಿತ್ತಳೆ ಕಲೆ ಮೂಡಬೇಕು.

ನೀಲಿಯ ಸತ್ವ: ಕಲಸಿ ಹದಿನೈದು ನಿಮಿಷಗಳಾದ ಮೇಲೂ ಮೇಲ್ಪದರದಲ್ಲಿ ನೀಲಿ ಛಾಯೆ ಕಾಣದಿದ್ದರೆ ಪುಡಿ ಹಳೆಯದೆಂದು ತಿಳಿಯಬೇಕು.

ಪಿಪಿಡಿ, ಸೋಡಿಯಂ ಪಿಕ್ರಮೇಟ್, ಸೀಸ ಹಾಗೂ ಸೂಕ್ಷ್ಮಾಣುಗಳ ಪರೀಕ್ಷೆ ಮಾತ್ರ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೇ ಆಗಬೇಕು. ಪ್ರತಿ ಬ್ಯಾಚ್‌ನಿಂದ ಮಾದರಿಯೊಂದನ್ನು ಮೊಹರು ಮಾಡಿ ಇಟ್ಟುಕೊಳ್ಳಿ. ನಾಳೆ ದೂರು ಬಂದಾಗ ತಪ್ಪು ಎಲ್ಲಿಯದೆಂದು ತೋರಿಸುವ ಸಾಕ್ಷಿ ಅದೊಂದೇ. ಎರಡೂ ಪುಡಿಗಳನ್ನು ಬೆಳಕು ಮತ್ತು ತೇವ ತಾಗದಂತೆ ದಾಸ್ತಾನು ಮಾಡಬೇಕು.

ಪರವಾನಗಿ ಮತ್ತು ರಫ್ತು

ಕೂದಲಿನ ಬಣ್ಣವಾಗಿ ಮಾರುವ ಪುಡಿಯ ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳು ಅನ್ವಯಿಸುತ್ತವೆ. ಘಟಕ ಆರಂಭಿಸುವ ಮುನ್ನವೇ ರಾಜ್ಯದ ಪರವಾನಗಿ ಪ್ರಾಧಿಕಾರವನ್ನು ಸಂಪರ್ಕಿಸುವುದು ಕ್ಷೇಮ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದು ನಿಷಿದ್ಧ. ಪಿಪಿಡಿ ಇರುವ ಕೇಶವರ್ಣದ ಮೇಲೆ ಚರ್ಮದ ಪೂರ್ವಪರೀಕ್ಷೆಯ ಸೂಚನೆಯನ್ನೂ, ರೆಪ್ಪೆ-ಹುಬ್ಬುಗಳಿಗೆ ಬಳಸಬಾರದೆಂಬ ಎಚ್ಚರಿಕೆಯನ್ನೂ ಮುದ್ರಿಸುವುದು ಕಡ್ಡಾಯ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳಿಗೆ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಿವೆ.

ಅಮೆರಿಕಕ್ಕೆ ಕಳುಹಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಲ್ಲಿ ಮದರಂಗಿಗೆ ಮಾನ್ಯತೆ ಇರುವುದು ತಲೆಗೂದಲಿನ ಬಣ್ಣವಾಗಿ ಮಾತ್ರ. ಚರ್ಮಕ್ಕೆ ಹಚ್ಚಲು ಅಲ್ಲ. ಅಲ್ಲಿನ ಮಾನ್ಯ ಬಣ್ಣಗಳ ಪಟ್ಟಿಯಲ್ಲಿ ಮದರಂಗಿಗಿರುವ ಸ್ಥಾನ ನೀಲಿ ಎಲೆಗೆ ಇಲ್ಲ. ಆದ್ದರಿಂದ ಆದೇಶ ಒಪ್ಪುವ ಮುನ್ನ ಲೇಬಲ್‌ನ ಒಕ್ಕಣೆ ಹೇಗಿರಬೇಕೆಂದು ಆಮದುದಾರರಿಂದ ಲಿಖಿತವಾಗಿ ಪಡೆಯಬೇಕು. ಬಂದರಿನಲ್ಲಿ ತಡೆಹಿಡಿದ ಸರಕಿನ ನಷ್ಟ ಸಣ್ಣ ಉದ್ಯಮಿಗೆ ಭರಿಸಲಾಗದ ನಷ್ಟ.

ಮುಕ್ತಾಯ

ಎಲೆಯ ಪುಡಿಯಿಂದ ಕಪ್ಪು ಬರಲು ಎರಡು ಹಂತಗಳು ಬೇಕು, ಅರ್ಧ ದಿನವೂ ಬೇಕು. ಹತ್ತು ನಿಮಿಷದ ಕಪ್ಪನ್ನು ಮಾರುವ ಪ್ರತಿಸ್ಪರ್ಧಿಯ ಮುಂದೆ ಇದು ವ್ಯಾಪಾರಕ್ಕೆ ಅಡ್ಡಿಯೆಂದು ತೋರಬಹುದು. ಆದರೆ ಮದರಂಗಿ ಮತ್ತು ನೀಲಿ ಎಲೆಯನ್ನು ಎರಡು ಪ್ರತ್ಯೇಕ ಪೊಟ್ಟಣಗಳಲ್ಲಿಟ್ಟು, ಒಳಗಿರುವುದನ್ನು ಇದ್ದಂತೆ ಬರೆದು, ಬಳಕೆಯ ಕ್ರಮವನ್ನು ಕನ್ನಡದಲ್ಲಿಯೂ ಖರೀದಿದಾರರ ಭಾಷೆಯಲ್ಲಿಯೂ ತಿಳಿಸುವ ಉದ್ಯಮಿಗೆ ಗ್ರಾಹಕರು ಮತ್ತೆ ಮತ್ತೆ ಬರುತ್ತಾರೆ. ನರೆ ಪ್ರತಿ ತಿಂಗಳೂ ಬೇರಿನಿಂದ ಮೇಲೇಳುತ್ತದೆ. ಒಮ್ಮೆ ನಂಬಿದವರು ಪ್ರತಿ ತಿಂಗಳೂ ಅದೇ ಪುಡಿಯನ್ನು ಕೇಳುತ್ತಾರೆ. ಮುಖ ಊದಿಸಿಕೊಂಡವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ದಾಸ್ತಾನಿನಲ್ಲಿರುವ ಪುಡಿ ಯಾವ ಬಗೆಯದೆಂದು ನಮ್ಮ ಸದಸ್ಯರು ಈ ತಿಂಗಳೇ ಪರೀಕ್ಷಿಸಿ ನೋಡುವುದು ಉಚಿತ.